ಇರಾಕ್ ಯುದ್ಧ, 2008ರ ಆರ್ಥಿಕ ಕುಸಿತ: ಎಲ್ಲಾ ಜಾರ್ಜ್ ಬುಷ್ ತಪ್ಪೇ?

ದೊಡ್ಡ ಪಾಲು ಅವರದೇ, ಆದರೆ ಪೂರ್ತಿ ಅಲ್ಲ. 2009ರ ಜನವರಿಯಲ್ಲಿ ಅವರು ಅಮೆರಿಕದ ಅಧ್ಯಕ್ಷ ಹುದ್ದೆಯಿಂದ ಇಳಿದಾಗ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಅರ್ಧ ಜನ ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲಿದ್ದೆವು. ಬೈಟೂ ಕಾಫಿ ಹಿಡಿದು ಬುಷ್‌ರನ್ನು ಬೈಯುವುದೇ ಕೆಲಸ.

ಇರಾಕ್ ಯುದ್ಧ ಅವರ ನಿರ್ಧಾರವೇ. ಇವೆ ಎಂದಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಅಲ್ಲಿ ಸಿಗಲೇ ಇಲ್ಲ. ಆದರೆ 2002ರ ಅಕ್ಟೋಬರ್‌ನಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್ 77–23 ಮತಗಳಿಂದ ಒಪ್ಪಿಗೆ ಕೊಟ್ಟಿತ್ತು ಅಲ್ವಾ? ವಿರೋಧ ಪಕ್ಷದ ಹಿಲರಿ ಕ್ಲಿಂಟನ್, ಜೋ ಬೈಡನ್ ಕೂಡ 'ಹೂಂ' ಎಂದವರೇ.

ಇನ್ನು ಆರ್ಥಿಕ ಕುಸಿತ. ಬ್ಯಾಂಕುಗಳ ಲಗಾಮು ಸಡಿಲಿಸಿದ 1999ರ ಕಾನೂನಿಗೆ ಸಹಿ ಹಾಕಿದ್ದು ಬುಷ್‌ಗಿಂತ ಮೊದಲಿನ ಅಧ್ಯಕ್ಷ ಬಿಲ್ ಕ್ಲಿಂಟನ್. ತೀರಿಸಲಾಗದವರಿಗೂ ಮನೆಸಾಲ ಕೊಟ್ಟಿದ್ದು ಸಾಲ ಕೊಡುವ ಕಂಪನಿಗಳು. ಬುಷ್ ಸರ್ಕಾರ ಕಣ್ಣು ಬಿಟ್ಟಿದ್ದು ಮನೆಗೆ ಬೆಂಕಿ ಬಿದ್ದ ಮೇಲೆ.

ಅಂದಹಾಗೆ, 2008ರ ಭಾರತ-ಅಮೆರಿಕ ಅಣು ಒಪ್ಪಂದವೂ ಅವರ ಕಾಲದ್ದೇ. ನಮ್ಮ ಕಾಫಿ ಮಾತಿನಲ್ಲಿ ಅದನ್ನು ಯಾರೂ ಎತ್ತಲಿಲ್ಲ.