ಉಸಿರಾಟದ ಸೋಂಕಿರುವ ರೋಗಿಗೆ ಇನ್‌ಟ್ಯುಬೇಷನ್ ಮಾಡುವಾಗ ಏರೋಸಾಲ್ ಬಾಕ್ಸ್ ಒಳ್ಳೆಯದೋ, ಪಿಎಪಿಆರ್ ಹುಡ್ ಒಳ್ಳೆಯದೋ?

ಅರಿವಳಿಕೆ ಪಿಜಿ, ಸದ್ಯದಲ್ಲೇ ಐಸೊಲೇಷನ್ ಐಸಿಯು ಪೋಸ್ಟಿಂಗ್, ಉಸಿರುನಾಳಕ್ಕೆ ಟ್ಯೂಬ್ ಇಳಿಸುವಾಗ (ಅದೇ ಇನ್‌ಟ್ಯುಬೇಷನ್) ರೋಗಿಯ ತಲೆಯ ಮೇಲಿಡುವ ಪಾರದರ್ಶಕ ಬಾಕ್ಸೋ, ಫ್ಯಾನ್‌ನಿಂದ ಸೋಸಿದ ಗಾಳಿ ಬರುವ, ನಾವು ತಲೆಗೆ ಹಾಕಿಕೊಳ್ಳುವ ಪಿಎಪಿಆರ್ ಹುಡ್ಡೋ, ಎರಡರಲ್ಲಿ ಯಾವುದನ್ನು ಕೇಳಿ ಪಡೆಯಲಿ ಅಂತ ಬರೆದಿದ್ದೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದ್ದೆ. ಬಾಕ್ಸ್ ಸಿಕ್ಕಿತ್ತು ಕೂಡ.

2020, ಕೋವಿಡ್‌ನ ಮೊದಲ ಅಲೆ. ರೋಗಿ ಸುಮಾರು 80 ಕೆ.ಜಿ. ಆಕ್ಸಿಜನ್ ಎಷ್ಟು ಹರಿಸಿದರೂ ರಕ್ತದ ಆಕ್ಸಿಜನ್ ಮಟ್ಟ (ಸ್ಯಾಚುರೇಷನ್) 85ರ ಮೇಲೆ ಏರುತ್ತಿರಲಿಲ್ಲ. ಬಿಪಿಯೂ ಕಡಿಮೆ. ನಾನು ಪಿಪಿಇ ಹಾಕಿಕೊಂಡು, ತಲೆಯ ಮೇಲೆ ಅಕ್ರಿಲಿಕ್ ಬಾಕ್ಸ್ ಸರಿಯಾಗಿ ಕೂತಿದೆಯಾ, ತೂತಿನಿಂದ ಕೈ ಒಳಗೆ ಹೋಗುತ್ತಾ ಅಂತ ನೋಡುವುದರಲ್ಲೇ ಮುಳುಗಿದ್ದೆ. ಔಷಧಿ ಎಷ್ಟು ಎಳೆದಿದ್ದೇವೆ ಅಂತ ನೋಡಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟಿದ್ದು ಇಲ್ಲೇ. ಸ್ನಾಯು ಸಡಿಲಿಸಿ ಕೆಮ್ಮು ತಡೆಯುವ ಔಷಧಿ ರೋಕ್ಯುರೋನಿಯಂ. ನಮ್ಮಲ್ಲಿದ್ದ ಅದರ ವಯಲ್ 5 ಎಂ.ಎಲ್.ದು, ಅದರಲ್ಲಿ 50 ಮಿ.ಗ್ರಾಂ. ಓಟಿಯಲ್ಲಿ ದಿನವೂ ಒಂದು ವಯಲ್ ಎಳೆದು ಕೊಟ್ಟು ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಕೆ.ಜಿ.ಗೆ ಸುಮಾರು 0.6 ಮಿ.ಗ್ರಾಂ. ಲೆಕ್ಕ. ಮಾಮೂಲಿ ಆಪರೇಷನ್‌ಗೆ ಅದು ಸಾಕು. ಅಲ್ಲಿ ಔಷಧಿ ಹಿಡಿಯುವವರೆಗೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತುತ್ತಾ ಆರಾಮಾಗಿ ಕಾಯಬಹುದು. ಸೋಂಕಿನ ರೋಗಿಗೆ ಹಾಗೆ ಕಾಯಲು ಆಗುವುದಿಲ್ಲ. ಅದಕ್ಕೇ ಕೆ.ಜಿ.ಗೆ 1.2 ಕೊಡುವುದು. 80 ಕೆ.ಜಿ.ಗೆ 96 ಮಿ.ಗ್ರಾಂ., ಅಂದರೆ ಹೆಚ್ಚೂಕಮ್ಮಿ ಎರಡು ವಯಲ್. ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ. ಎರಡನೇ ವಯಲ್ ಬಾಗಿಲಾಚೆ ಟ್ರಾಲಿಯಲ್ಲಿತ್ತು, ಅಷ್ಟೇ. ಬಾಗಿಲು ತೆಗೆಸಿ, ಹೊರಗಿದ್ದವರಿಗೆ ಕೂಗಿ ತರಿಸಬೇಕಿತ್ತು. ಇರಲಿ, ಇಷ್ಟರಲ್ಲೇ ಆಗುತ್ತೆ ಅಂದುಕೊಂಡೆ.

ಅರ್ಧ ಡೋಸ್ ಅಂದರೆ ಔಷಧಿ ನಿಧಾನವಾಗಿ ಹಿಡಿಯುತ್ತದೆ. ಹೃದಯ ಸೋತಿದ್ದರೆ ಔಷಧಿ ಸ್ನಾಯುವಿಗೆ ತಲುಪುವುದೂ ತಡ. ಹಾಗಾಗಿ ಇನ್ನೂ ಜಾಸ್ತಿ ಕಾಯಬೇಕಿತ್ತು. ನಾನು ಗಡಿಯಾರ ನೋಡಲಿಲ್ಲ, ಮಾನಿಟರ್ ನೋಡಿದೆ. ಸ್ಯಾಚುರೇಷನ್ 70ರ ಹತ್ತಿರ ಇಳಿಯುತ್ತಿದ್ದಂತೆ ಗಂಟಲೊಳಗೆ ನೋಡುವ ಸ್ಕೋಪ್ ಹಾಕಿಬಿಟ್ಟೆ. ಸ್ವರತಂತುಗಳು ಇನ್ನೂ ಅಲುಗಾಡುತ್ತಿದ್ದವು. ಟ್ಯೂಬ್ ತಾಗಿದ್ದೇ ತಡ, ರೋಗಿ ಜೋರಾಗಿ ಕೆಮ್ಮಿದರು. ಮತ್ತೆ ಮತ್ತೆ ಕೆಮ್ಮಿದರು. ಬಾಕ್ಸ್ ಒಳಗೆ ಕೈ ತಿರುಗಿಸಲು ಜಾಗವಿಲ್ಲ, ಟ್ಯೂಬಿಗೆ ದಾರಿ ತೋರಿಸುವ ತೆಳು ಕಡ್ಡಿ (ಬೂಜಿ) ಹಾಕಲು ಕೋನ ಸಿಗುತ್ತಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ಬಾಕ್ಸನ್ನೇ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಗಡಿಬಿಡಿಯಲ್ಲಿ ಒಂದೇ ಕೈಯಲ್ಲಿ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿದ್ದು, ಸುತ್ತಲೂ ಗಾಳಿ ಸೋರಿದ್ದು, ಎರಡನೇ ವಯಲ್‌ಗೆ ಬಾಗಿಲು ತೆಗೆಸಿದ್ದು. ಯಾವುದನ್ನು ತಪ್ಪಿಸಬೇಕು ಅಂತ ಹೊರಟಿದ್ದೆವೋ ಅದೆಲ್ಲವೂ ಆಯಿತು. ಟ್ಯೂಬ್ ಕೊನೆಗೆ ಹೋಯಿತು.

ಮುಂದಿನ ವಾರ ಆ ಸಿಸ್ಟರ್‌ಗೆ ಜ್ವರ, ಹಿಂದೆಯೇ ನನಗೆ. ಆ ಕೆಮ್ಮಿನಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ, ಆಗ ಎಲ್ಲ ಕಡೆಯೂ ಸೋಂಕಿತ್ತು. ನಾನು ಬೇಗ ಎದ್ದೆ. ಅವರು ಡ್ಯೂಟಿಗೆ ಮರಳಿದ ಮೇಲೂ ಬಹಳ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು.

ಈಗ ನಿಮ್ಮ ಪ್ರಶ್ನೆ. ಬಾಕ್ಸೂ ಅಲ್ಲ, ಹುಡ್ಡೂ ಅಲ್ಲ. ರೋಗಿ ಕೆಮ್ಮದ ಹಾಗೆ ನೋಡಿಕೊಳ್ಳುವುದೇ ಕೋಣೆಯಲ್ಲಿರುವ ಎಲ್ಲರಿಗೂ ದೊಡ್ಡ ರಕ್ಷಣೆ.

ಇನ್‌ಟ್ಯುಬೇಷನ್ ಅಂದರೆ ಹೆದರಿಕೆ ಶುರುವಾದದ್ದು 2003ರ ಸಾರ್ಸ್‌ನಿಂದ. ಆ ಕಾಲದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2012ರ ವಿಮರ್ಶೆಯೊಂದರಲ್ಲಿ, ಟ್ಯೂಬ್ ಹಾಕಿದವರಿಗೆ ಸೋಂಕು ತಗಲುವ ಸಂಭವ ಉಳಿದ ಸಿಬ್ಬಂದಿಗಿಂತ 6 ಪಟ್ಟಿಗೂ ಜಾಸ್ತಿ ಅಂತ ಬಂತು. ಆದರೆ ಕೋವಿಡ್ ಕಾಲದಲ್ಲಿ ಓಟಿಯೊಳಗೆ ಗಾಳಿಯ ಕಣಗಳನ್ನೇ ಎಣಿಸಿ ನೋಡಿದಾಗ, ಪೂರ್ತಿ ಅರಿವಳಿಕೆ ಕೊಟ್ಟು ಸ್ನಾಯು ಸಡಿಲವಾದ ಮೇಲೆ ಟ್ಯೂಬ್ ಹಾಕಿದರೆ ಬರುವ ಕಣಗಳು ಒಂದು ಕೆಮ್ಮಿಗೆ ಹೋಲಿಸಿದರೆ ತೀರಾ ಕಡಿಮೆ ಅಂತ ಕಂಡಿತು. ಇನ್ನು ಬಾಕ್ಸ್ ವಿಷಯ: ಅದರಿಂದ ಇನ್‌ಟ್ಯುಬೇಷನ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ, ಪಿಪಿಇ ಹರಿಯಬಹುದು ಅಂತ ಪ್ರಯೋಗಗಳೇ ತೋರಿಸಿದವು. ಗಾಳಿ ಎಳೆಯುವ ವ್ಯವಸ್ಥೆಯಿಲ್ಲದ ಇಂಥ ಬಾಕ್ಸ್‌ಗಳಿಗೆ ಅಮೆರಿಕದ ಔಷಧಿ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮೇನಲ್ಲಿ ಕೊಟ್ಟ ತುರ್ತು ಅನುಮತಿಯನ್ನು ಆಗಸ್ಟ್‌ನಲ್ಲಿ ವಾಪಸ್ ಪಡೆಯಿತು. ನಿಮ್ಮ ವಿಭಾಗದಲ್ಲಿ ಇನ್ನೂ ಒಂದು ಉಳಿದಿದ್ದರೆ ಅದರಲ್ಲಿ ಗಿಡ ಬೆಳೆಸಿ.

ಪಿಎಪಿಆರ್ ಬಗ್ಗೆ ನನಗೆ ಸಿಟ್ಟಿಲ್ಲ. ಗಡ್ಡ ಇದ್ದರೆ, ಎನ್-95 ಫಿಟ್ ಟೆಸ್ಟ್‌ನಲ್ಲಿ ಫೇಲ್ ಆದರೆ, ಅದನ್ನೇ ಕೇಳಿ. ಆದರೆ ಅದರ ಫ್ಯಾನ್ ಸದ್ದಿನಲ್ಲಿ ಪಕ್ಕದವರು ಹೇಳಿದ್ದು ಕೇಳಿಸುವುದಿಲ್ಲ, ಬಿಚ್ಚುವುದಕ್ಕೂ ಅಭ್ಯಾಸ ಬೇಕು. ಫಿಟ್ ಟೆಸ್ಟ್ ಪಾಸಾದ ಎನ್-95, ಮೇಲೆ ಫೇಸ್ ಶೀಲ್ಡ್ ಇದ್ದರೆ ನನಗೆ ಸಾಕು. ಮಾಸ್ಕ್ ಯಾವ ಕಂಪನಿಯದು ಅನ್ನುವುದಕ್ಕಿಂತ ನಿಮ್ಮ ಮುಖಕ್ಕೆ ಕೂರುತ್ತಾ ಅನ್ನುವುದು ಮುಖ್ಯ.

ನೀವು ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಟ್ಯೂಬ್ ನೀವೇ ಹಾಕಬೇಕಾ? ಕಲಿಯುವ ಜಾಗ ಅದಲ್ಲ. ಅಲ್ಲಿರುವವರಲ್ಲಿ ಹೆಚ್ಚು ಪಳಗಿದವರು ಹಾಕಲಿ, ಮೊದಲನೇ ಸಲಕ್ಕೇ ಹೋಗಬೇಕು. ಹೊಸಬರನ್ನು ಮುಂದೆ ತಳ್ಳಿ ಸೀನಿಯರ್ ಫೋನಿನಲ್ಲಿ ಸಲಹೆ ಕೊಡುವ ಪದ್ಧತಿ ಕೆಲವು ಕಡೆ ಇದೆ. ಅದಕ್ಕೆ ಇಲ್ಲ ಅನ್ನಿ. ಬೈಸಿಕೊಂಡರೂ ಪರವಾಗಿಲ್ಲ.

ಬಾಗಿಲ ಹೊರಗೇ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ. ಒಳಗೆ ಹೋದ ಮೇಲೆ ಮಾಸ್ಕ್ ಹಿಂದಿನ ಮಾತು ಅರ್ಧ ಕೇಳಿಸುವುದಿಲ್ಲ. ಯಾರು ಔಷಧಿ ಕೊಡುತ್ತಾರೆ, ಯಾರು ಕಫ್ (ಗಾಳಿ ಸೋರದಂತೆ ಟ್ಯೂಬಿನ ಸುತ್ತ ಇರುವ ಬಲೂನು) ಊದುತ್ತಾರೆ, ಟ್ಯೂಬ್ ಹೋಗದಿದ್ದರೆ ಮುಂದೇನು. ಪೂರ್ತಿ ಡೋಸ್ ಸಿರಿಂಜ್‌ನಲ್ಲಿ, ಇನ್ನೊಂದು ಡೋಸ್ ಟ್ರೇಯಲ್ಲಿ, ಬಿಪಿ ಏರಿಸುವ ಔಷಧಿ ಪಕ್ಕದಲ್ಲಿ. ರೋಕ್ಯುರೋನಿಯಂ ಬದಲು ಸಕ್ಸ್ (ಸಕ್ಸಿನೈಲ್‌ಕೋಲಿನ್) ಕೊಡುವವರೂ ಇದ್ದಾರೆ. ಅದರ ಪರಿಣಾಮ ಬೇಗ ಇಳಿಯುತ್ತದೆ, ಮೊದಲ ಸಲ ಟ್ಯೂಬ್ ಹೋಗದಿದ್ದರೆ ಕೆಮ್ಮು ವಾಪಸ್ ಬರುತ್ತದೆ. ನನಗಂತೂ ರೋಕ್ಯುರೋನಿಯಂ.

ಒಳಗೆ ಹೋದ ಮೇಲೆ ಎರಡೂ ಕೈಯಲ್ಲಿ ಮಾಸ್ಕ್ ಬಿಗಿಯಾಗಿ ಹಿಡಿದು 3ರಿಂದ 5 ನಿಮಿಷ ಆಕ್ಸಿಜನ್ ಕೊಡಿ. ಮಾಸ್ಕ್ ಪಕ್ಕದಲ್ಲೇ ವೈರಲ್ ಫಿಲ್ಟರ್ ಇರಲಿ. ಔಷಧಿ ಹೋದ ಕೂಡಲೇ ಒಬ್ಬರು ಗಟ್ಟಿಯಾಗಿ 60 ಸೆಕೆಂಡ್ ಎಣಿಸಲಿ. ಎಣಿಕೆ ಮುಗಿಯುವ ಮುಂಚೆ ಸ್ಕೋಪ್ ಕೈಗೆ ಕೊಡಬಾರದು, ಬಿಪಿ ಕಡಿಮೆಯಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಸ್ಯಾಚುರೇಷನ್ ಬಿದ್ದರೆ? ಬ್ಯಾಗ್ ಒತ್ತಿ. ಒತ್ತಲೇಬಾರದು ಅನ್ನುವುದು ಮೂಢನಂಬಿಕೆ. ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಲಿ, ಇನ್ನೊಬ್ಬರು ಮೆಲ್ಲಗೆ ಸಣ್ಣ ಉಸಿರು ಕೊಡಲಿ. ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಅದನ್ನೇ ಬಳಸಿ, ಮುಖ ದೂರ ಇರುತ್ತದೆ. ಕಫ್ ಊದಿದ ಮೇಲೆಯೇ ವೆಂಟಿಲೇಟರ್. ಟ್ಯೂಬ್ ಸರಿಯಾಗಿದೆಯಾ ಅಂತ ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ನೋಡಿ ತಿಳಿಯಿರಿ, ಪಿಪಿಇ ಒಳಗೆ ಸ್ಟೆತಸ್ಕೋಪ್ ಪರದಾಟ ಬೇಡ. ಸರ್ಕ್ಯೂಟ್ ಬಿಡಿಸುವ ಸಂದರ್ಭ ಬಂದರೆ ಮೊದಲು ವೆಂಟಿಲೇಟರ್ ನಿಲ್ಲಿಸಿ, ಟ್ಯೂಬ್ ಕ್ಲ್ಯಾಂಪ್ ಮಾಡಿ, ಫಿಲ್ಟರ್ ರೋಗಿಯ ಕಡೆ ಉಳಿಯುವ ಹಾಗೆ ಬಿಡಿಸಿ.

ಪಿಪಿಇ ಬಿಚ್ಚುವಾಗ ಎದುರಿಗೆ ಒಬ್ಬರು ನಿಂತು ಹೇಳಿಕೊಡಲಿ. ಸುಸ್ತಾದಾಗ ಕೈ ಸುಮ್ನೆ ಮುಖಕ್ಕೆ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ: ಟ್ಯೂಬ್ ತೆಗೆಯುವ ದಿನ. ಹಾಕುವಾಗ ಔಷಧಿ ಕೊಟ್ಟು ಕೆಮ್ಮು ತಡೆಯಬಹುದು, ತೆಗೆಯುವಾಗ ರೋಗಿ ಎಚ್ಚರವಿರಲೇಬೇಕು, ಕೆಮ್ಮುವುದು ಒಳ್ಳೆಯದೇ. ಆದರೆ ಆ ಹೊತ್ತಿಗೆ ಎಲ್ಲರೂ ಸಲೀಸಾಗಿಬಿಟ್ಟಿರುತ್ತಾರೆ, ಬರೀ ಸರ್ಜಿಕಲ್ ಮಾಸ್ಕ್‌ನಲ್ಲಿ ಸುತ್ತ ನಿಂತಿರುತ್ತಾರೆ. ಅವತ್ತೂ ಪೂರ್ತಿ ಪಿಪಿಇ ಹಾಕಿ, ಬೇಡದವರನ್ನು ಹೊರಗೆ ಕಳಿಸಿ. ಆಮೇಲೆ ಕೋಣೆಯ ಗಾಳಿ ತಿಳಿಯಾಗುವವರೆಗೆ ಮಾಸ್ಕ್ ಇಲ್ಲದೆ ಯಾರೂ ಒಳಗೆ ಹೋಗಬಾರದು. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಾದರೆ 99% ಕಣ ಹೋಗಲು ಸುಮಾರು 23 ನಿಮಿಷ, 6 ಸಲವಾದರೆ 46. ನಿಮ್ಮ ಐಸಿಯುದು ಎಷ್ಟು ಅಂತ ಹೋದ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.