99 ಡಾಲರ್ ಎಡಿಟರ್: ಯಾರು ಕೊಳ್ಳಬೇಕು, ಯಾರಿಗೆ ಬೇಡ

ಕಾಪುವಿನಿಂದ ಕೇಳಿದವರಿಗೆ ಈ ಉತ್ತರ. ನಿಮ್ಮ ಪ್ರಶ್ನೆ ಇಷ್ಟು: ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುತ್ತೀರಿ. ಕೋಡ್ ಬರೆಯಲು ಮೈಕ್ರೋಸಾಫ್ಟಿನ ಎಡಿಟರ್ ವಿಎಸ್ ಕೋಡ್ ಪುಕ್ಕಟೆ ಸಿಗುವಾಗ, ಅಂಥದ್ದೇ ಇನ್ನೊಂದು ಎಡಿಟರ್ ಸಬ್ಲೈಮ್ ಟೆಕ್ಸ್ಟ್‌ನವರು 99 ಡಾಲರ್ ಕೇಳುವುದು ನ್ಯಾಯವಾ? ಈ ಚರ್ಚೆಯಲ್ಲಿ ಒಬ್ಬರು ಇದನ್ನು ದರೋಡೆ ಎಂದಿದ್ದಾರೆ. ಇನ್ನೊಬ್ಬರು ದಿನಕ್ಕೆ ಒಂದು ಚಹಾದ ದುಡ್ಡೂ ಆಗುವುದಿಲ್ಲ, ಯೋಚನೆ ಮಾಡದೆ ತೆಗೆದುಕೊಳ್ಳಿ ಎಂದಿದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ಕೊಡುವ ಸಾಮಾನಿಗೆ ಆ ಬೆಲೆ ಸರಿಯಾಗಿಯೇ ಉಂಟು. ಆದರೆ ಅದು ಡಾಲರಿನಲ್ಲಿ ದುಡಿಯುವವರನ್ನು ನೋಡಿ ಇಟ್ಟ ಬೆಲೆ. ನಮ್ಮ ಕಡೆ ಯಾರಿಗೆ ಹೊಂದುತ್ತದೆ ಎಂಬುದನ್ನು ಅವರ ಕೆಲಸ ಮತ್ತು ಅವರ ಲ್ಯಾಪ್‌ಟಾಪ್ ನೋಡಿಯೇ ಹೇಳಬೇಕು.

ಮೊದಲು 99 ಡಾಲರಿಗೆ ಏನು ಸಿಗುತ್ತದೆ ನೋಡೋಣ. ಇದು ತಿಂಗಳ ಚಂದಾ ಅಲ್ಲ. ಒಮ್ಮೆ ಕೊಟ್ಟರೆ 3 ವರ್ಷ ಬರುವ ಎಲ್ಲಾ ಅಪ್‌ಡೇಟ್ ನಿಮ್ಮದು. 3 ವರ್ಷ ಮುಗಿದ ಮೇಲೆ ದುಡ್ಡು ಕೊಡದಿದ್ದರೂ ಎಡಿಟರ್ ನಿಲ್ಲುವುದಿಲ್ಲ. ಆ ಅವಧಿಯಲ್ಲಿ ಬಂದ ಕೊನೆಯ ಆವೃತ್ತಿಯನ್ನು ಎಷ್ಟು ವರ್ಷ ಬೇಕಾದರೂ ಬಳಸಬಹುದು. ಹೊಸದು ಬೇಕಾದರೆ ಮಾತ್ರ ಮತ್ತೆ ದುಡ್ಡು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಲೈಸೆನ್ಸ್ ವ್ಯಕ್ತಿಗೆ, ಕಂಪ್ಯೂಟರಿಗೆ ಅಲ್ಲ. ಮನೆಯ ವಿಂಡೋಸ್ ಡೆಸ್ಕ್‌ಟಾಪ್, ಉಬುಂಟು ಹಾಕಿದ ಹಳೆ ಲ್ಯಾಪ್‌ಟಾಪ್, ಆಫೀಸಿನ ಮ್ಯಾಕ್, ಇವನ್ನು ಮುಖ್ಯವಾಗಿ ಬಳಸುವವರು ನೀವೇ ಆದರೆ ಒಂದೇ ಲೈಸೆನ್ಸ್ ಕೀ ಎಲ್ಲದಕ್ಕೂ ಸಾಕು.

2021ರ ಮೇ ತಿಂಗಳಲ್ಲಿ 4ನೇ ಆವೃತ್ತಿ ಬಂದಾಗ ಬೆಲೆ 80ರಿಂದ 99ಕ್ಕೆ ಏರಿತು. ಆಗ ಸಿಟ್ಟಾದವರು ತುಂಬಾ ಜನ. ಆದರೆ ಒಂದೇ ಆವೃತ್ತಿಗೆ ಸೀಮಿತವಾಗಿದ್ದ ಲೈಸೆನ್ಸನ್ನು 3 ವರ್ಷದ ಅಪ್‌ಡೇಟ್‌ಗೆ ಬದಲಾಯಿಸಿದ್ದೂ ಆಗಲೇ. ಕೊಂಡ ಮರುತಿಂಗಳೇ ಹೊಸ ಆವೃತ್ತಿ ಬಂದು ನಮ್ಮ ದುಡ್ಡು ಹಾಳಾಯಿತು ಎಂಬ ಭಯ ಅಲ್ಲಿಗೆ ಹೋಯಿತು. ನನಗೆ ಅದು ಒಳ್ಳೆಯ ಬದಲಾವಣೆ ಅನಿಸುತ್ತದೆ.

ಈಗ ರೂಪಾಯಿ ಲೆಕ್ಕಕ್ಕೆ ಬರೋಣ. 99 ಡಾಲರ್ ಅಂದರೆ ಸುಮಾರು ಒಂಬತ್ತು ಸಾವಿರ ರೂಪಾಯಿ ಇಟ್ಟುಕೊಳ್ಳಿ. ಡಾಲರ್ ಪಾವತಿಗೆ ಬ್ಯಾಂಕಿನವರು ಹಾಕುವ ಶುಲ್ಕ (ಫಾರೆಕ್ಸ್ ಮಾರ್ಕಪ್) ಅದರ ಮೇಲೆ. 3 ವರ್ಷಕ್ಕೆ ಹಂಚಿದರೆ ತಿಂಗಳಿಗೆ 250 ರೂಪಾಯಿ ಆಸುಪಾಸು ಬೀಳುತ್ತದೆ. ಚಹಾದ ಲೆಕ್ಕ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ದುಡ್ಡು ತಿಂಗಳು ತಿಂಗಳು ಹೋಗುವುದಿಲ್ಲ, ಒಂದೇ ಸಲ ಹೋಗುತ್ತದೆ. ಈಗಷ್ಟೇ ಕಾಲೇಜು ಮುಗಿಸಿ 25 ಸಾವಿರದ ಕೆಲಸಕ್ಕೆ ಸೇರಿದವರಿಗೆ ಅದು ಸಂಬಳದ ಮೂರನೇ ಒಂದು ಭಾಗ. ಸಿಡ್ನಿಯ ಪ್ರೋಗ್ರಾಮರ್‌ಗೆ ಅದು ಕೆಲವೇ ಗಂಟೆಗಳ ದುಡಿಮೆ. ಈ ಅಂತರವನ್ನು ಯಾವ ಚಹಾದ ಲೆಕ್ಕವೂ ಮುಚ್ಚುವುದಿಲ್ಲ. ದರೋಡೆ ಎಂದವರ ಬೇಸರ ನನಗೆ ಅರ್ಥವಾಗುತ್ತದೆ. ಬರೀ ಆ ಪದ ಸರಿಯಲ್ಲ ಅಷ್ಟೇ. ಕೊಳ್ಳದಿದ್ದರೆ ಅವರು ಎಡಿಟರನ್ನು ನಿಲ್ಲಿಸುವುದಿಲ್ಲವಲ್ಲ. ಟ್ರಯಲ್‌ಗೆ ದಿನದ ಮಿತಿಯೇ ಇಲ್ಲ. ಮೇಲೆ ಲೈಸೆನ್ಸ್ ಇಲ್ಲ ಎಂಬ ಒಂದು ಪದ ಕಾಣುತ್ತದೆ, ಸೇವ್ ಮಾಡುವಾಗ ಆಗಾಗ ಕೊಳ್ಳುತ್ತೀರಾ ಎಂದು ಒಂದು ಕಿಟಕಿ ಬರುತ್ತದೆ. ಉಳಿದದ್ದೆಲ್ಲಾ ಪೂರ್ತಿ ಕೆಲಸ ಮಾಡುತ್ತದೆ.

ಇನ್ನು ಪುಕ್ಕಟೆಯದ್ದರ ಜೊತೆ ಹೋಲಿಕೆ. ಇಲ್ಲಿ ಸುಮ್ನೆ ಸೌಲಭ್ಯದ ಪಟ್ಟಿ ಇಟ್ಟುಕೊಂಡು ಕೂತರೆ ವಿಎಸ್ ಕೋಡ್ ಗೆಲ್ಲುತ್ತದೆ. ಅದರಲ್ಲಿ ಕೋಡಿನ ತಪ್ಪು ಹುಡುಕುವ ಡಿಬಗರ್ ಒಳಗೇ ಉಂಟು. ದೂರದ ಸರ್ವರಿಗೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಹೋಗಿ ಅಲ್ಲೇ ಫೈಲ್ ತೆರೆದು ಕೆಲಸ ಮಾಡಬಹುದು. ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್‌ಗಳಂತೂ ಲೆಕ್ಕವಿಲ್ಲದಷ್ಟು.

ಸಬ್ಲೈಮ್‌ನಲ್ಲಿ ಮಾಡುವ ಕೆಲಸದ ಒಂದು ಉದಾಹರಣೆ ಕೊಡುತ್ತೇನೆ. ಮಲ್ಪೆಯ ಮೀನು ವ್ಯಾಪಾರಿಯೊಬ್ಬರು ನಿಮಗೆ ವಾಟ್ಸ್ಆ್ಯಪಿನಲ್ಲಿ ದರಪಟ್ಟಿ ಕಳಿಸಿದ್ದಾರೆ ಎಂದುಕೊಳ್ಳಿ. ಅಂಜಲ್, ಬಂಗುಡೆ, ಬೂತಾಯಿ, ಕಾಣೆ, ಒಂದೊಂದು ಸಾಲಿಗೆ ಒಂದು ಮೀನು. ಹೆಸರಾದ ಮೇಲೆ ಒಂದು ಗೆರೆ, ಆಮೇಲೆ ದರ, ಕೊನೆಗೆ ಓರೆಗೆರೆ ಮತ್ತು ಅಡ್ಡಗೆರೆ (/-). ಇದನ್ನು ಸೈಟಿನ ಟೇಬಲ್ ಮಾಡಬೇಕು. ಕೊನೆಯ ಆ ಓರೆಗೆರೆ ಮತ್ತು ಅಡ್ಡಗೆರೆಯನ್ನು ಒಮ್ಮೆ ಸೆಲೆಕ್ಟ್ ಮಾಡಿ, ವಿಂಡೋಸ್‌ನಲ್ಲಿ ಆಲ್ಟ್ ಜೊತೆ ಎಫ್3 ಒತ್ತಿ. ಎಲ್ಲಾ ಸಾಲಿನಲ್ಲೂ ಅದು ಸೆಲೆಕ್ಟ್ ಆಗುತ್ತದೆ. ಅಳಿಸಿ, ಅಲ್ಲೇ ಟೇಬಲ್ ಸಾಲು ಮುಗಿಸುವ ಟ್ಯಾಗ್ ಬರೆಯಿರಿ. ಹೋಮ್ ಒತ್ತಿ ಸಾಲು ಶುರು ಮಾಡುವ ಟ್ಯಾಗ್ ಬರೆಯಿರಿ. ನಡುವಿನ ಗೆರೆಗೂ ಹೀಗೇ. ನೂರು ಸಾಲಿದ್ದರೂ ಒಂದು ಸಾಲಿಗೆ ಆಗುವಷ್ಟೇ ಟೈಪಿಂಗ್. ಈ ಕೆಲಸವನ್ನು ತುಂಬಾ ಜನ ಮೊದಲು ನೋಡಿದ್ದು ಸಬ್ಲೈಮ್‌ನಲ್ಲಿ. ಆದರೆ ಇದಕ್ಕಾಗಿ 99 ಡಾಲರ್ ಕೊಡಬೇಡಿ ಮಾರಾಯ್ರೆ. ಇದೇ ಕೆಲಸ ವಿಎಸ್ ಕೋಡ್‌ನಲ್ಲೂ ಆಗುತ್ತದೆ, ಕೀ ಬೇರೆ ಅಷ್ಟೇ. ಕರೆಂಟ್ ಹೋದಾಗ ಸೇವ್ ಮಾಡದ ಫೈಲ್ ಉಳಿಸಿಕೊಡುವುದೂ ಎರಡರಲ್ಲೂ ಉಂಟು. ನಮ್ಮ ಮಳೆಗಾಲಕ್ಕೆ ಅದು ದೊಡ್ಡ ಉಪಕಾರ, ಆದರೆ ಅದೂ ಕೊಳ್ಳಲು ಕಾರಣ ಅಲ್ಲ.

ಹಾಗಾದರೆ ದುಡ್ಡು ಯಾವುದಕ್ಕೆ? ವೇಗಕ್ಕೆ. ವಿಎಸ್ ಕೋಡ್ ಎಲೆಕ್ಟ್ರಾನ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ್ದು. ಅಂದರೆ ಎಡಿಟರ್ ತೆರೆದಾಗಲೆಲ್ಲಾ ಒಳಗೆ ಒಂದು ಪೂರ್ತಿ ಬ್ರೌಸರ್ ಎಂಜಿನ್ ಓಡುತ್ತಿರುತ್ತದೆ. 16 ಜಿಬಿ ರಾಮ್ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. 4 ಜಿಬಿಯ ಹಳೆ ಲ್ಯಾಪ್‌ಟಾಪಿನಲ್ಲಿ ಕ್ರೋಮ್, ಲೋಕಲ್ ಸರ್ವರ್, ವಿಎಸ್ ಕೋಡ್ ಮೂರೂ ಒಟ್ಟಿಗೆ ತೆರೆದವರಿಗೆ ಚೆನ್ನಾಗಿ ಗೊತ್ತು. ಸಬ್ಲೈಮ್‌ನ ಮುಖ್ಯ ಭಾಗ ಸಿ++ ಭಾಷೆಯಲ್ಲಿ ಬರೆದದ್ದು. ಕ್ಲಿಕ್ ಮಾಡಿದ ಕೂಡಲೇ ತೆರೆಯುತ್ತದೆ, ರಾಮ್ ಕಡಿಮೆ ತಿನ್ನುತ್ತದೆ. ದೊಡ್ಡ ಲಾಗ್ ಫೈಲ್ ಅಥವಾ ಡೇಟಾಬೇಸ್ ಡಂಪ್ ತೆರೆದು ಹುಡುಕುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ದಿನಕ್ಕೆ ಎಂಟು ಗಂಟೆ ಅದರ ಮುಂದೆಯೇ ಕೂರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ನಿಮ್ಮದು ಹಾರ್ಡ್ ಡಿಸ್ಕ್ ಇರುವ ಹಳೆ ಲ್ಯಾಪ್‌ಟಾಪ್ ಆದರೆ, ಆ ಒಂಬತ್ತು ಸಾವಿರವನ್ನು ಎಡಿಟರಿಗೆ ಹಾಕಬೇಡಿ. ಮೊದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಉಳಿದರೆ ರಾಮ್. ಮಂಗಳೂರಿನ ಹಂಪನಕಟ್ಟೆಯ ಕಂಪ್ಯೂಟರ್ ಅಂಗಡಿಗಳಲ್ಲೋ ಮಣಿಪಾಲದಲ್ಲೋ ಮಾಡೆಲ್ ನಂಬರ್ ಹೇಳಿ ದರ ಕೇಳಿ. ಅದರಿಂದ ಬರೀ ಎಡಿಟರ್ ಅಲ್ಲ, ಇಡೀ ಯಂತ್ರವೇ ಚುರುಕಾಗುತ್ತದೆ. ಅಷ್ಟರವರೆಗೆ ಸಬ್ಲೈಮ್‌ನ ಟ್ರಯಲ್ ಬಳಸಿ ನೋಡಿ.

ಪುಕ್ಕಟೆಯದ್ದು ಯಾವತ್ತೂ ಇರುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಆಟಮ್ ಎಡಿಟರ್ ನೆನಪು ಮಾಡಿಕೊಳ್ಳಿ. ಗಿಟ್‌ಹಬ್‌ನವರು ಮಾಡಿದ್ದು, ಪುಕ್ಕಟೆ, ತುಂಬಾ ಜನ ಬಳಸುತ್ತಿದ್ದರು. 2018ರಲ್ಲಿ ಗಿಟ್‌ಹಬ್ ಅನ್ನು ಮೈಕ್ರೋಸಾಫ್ಟ್ ಕೊಂಡಿತು, 2022ರ ಡಿಸೆಂಬರಿನಲ್ಲಿ ಆಟಮ್ ನಿಂತೇ ಹೋಯಿತು. ಮೈಕ್ರೋಸಾಫ್ಟಿಗೆ ಎಡಿಟರ್ ಮಾರಿ ಬದುಕಬೇಕಾಗಿಲ್ಲ. ಅದರ ಆದಾಯ ಬೇರೆ ಕಡೆಯಿಂದ ಬರುತ್ತದೆ. ಸಬ್ಲೈಮ್ ಹಾಗಲ್ಲ. ಜಾನ್ ಸ್ಕಿನ್ನರ್ ಎಂಬುವರು ಗೂಗಲ್ ಕೆಲಸ ಬಿಟ್ಟು 2008ರಲ್ಲಿ ಇದನ್ನು ತಂದರು. ಇವತ್ತಿಗೂ ಅದು ಸಣ್ಣ ಕಂಪನಿಯೇ, ನಾವು ಕೊಡುವ ದುಡ್ಡೇ ಅವರ ಸಂಪಾದನೆ. ಸಣ್ಣ ಕಂಪನಿಗೂ ಅದರದ್ದೇ ಅಪಾಯ ಉಂಟು, ಅಪ್‌ಡೇಟ್ ನಿಧಾನ ಆಗುತ್ತದೆ ಎಂಬ ದೂರು ಮೊದಲಿನಿಂದಲೂ ಇದೆ. ಆದರೂ ನನ್ನ ಕೈಯಲ್ಲಿರುವ ಆವೃತ್ತಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂಬುದು ನನಗೆ ದೊಡ್ಡ ಧೈರ್ಯ.

ನಮ್ಮ ಕಡೆಯವರು ದುಡ್ಡು ಕೊಡುವ ಮೊದಲು ಮಾಡಲೇಬೇಕಾದ ಒಂದು ಪರೀಕ್ಷೆ ಉಂಟು. ದೇವಸ್ಥಾನದ ಸೇವಾ ಪಟ್ಟಿ, ಸಹಕಾರಿ ಸಂಘದ ನೋಟಿಸು, ಯಕ್ಷಗಾನ ಮೇಳದ ಕಾರ್ಯಕ್ರಮ, ನಮ್ಮ ಸೈಟುಗಳಲ್ಲಿ ಕನ್ನಡ ಇದ್ದೇ ಇರುತ್ತದೆ. ಒಂದು ಹೊಸ ಫೈಲ್ ತೆರೆದು "ಧರ್ಮಸ್ಥಳ" ಎಂದು ಬರೆಯಿರಿ. ಅರ್ಕಾವತ್ತು ಜಾಗದಲ್ಲಿ ಕೂತಿದೆಯಾ? ಸಕಾರದ ಕೆಳಗೆ ಥ ಒತ್ತು ಬಂದಿದೆಯಾ, ಇಲ್ಲ ಪಕ್ಕಕ್ಕೆ ಒಡೆದು ನಿಂತಿದೆಯಾ? ಆಮೇಲೆ ಬಾಣದ ಕೀ ಒತ್ತುತ್ತಾ ಅಕ್ಷರ ಅಕ್ಷರ ದಾಟಿ. ಕರ್ಸರ್ ಒಂದು ಕಡೆ ಕಂಡು, ಅಳಿಸುವಾಗ ಇನ್ನೊಂದು ಕಡೆ ಅಳಿಸುತ್ತದೆಯಾ ನೋಡಿ. "ಸ್ತ್ರೀ", "ರಾಷ್ಟ್ರ" ಕೂಡ ಬರೆದು ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಫಾಂಟಿನಲ್ಲಿಯೇ ನೋಡಬೇಕು, ಬೇರೆಯವರ ಸ್ಕ್ರೀನ್‌ಶಾಟ್ ನಂಬಬೇಡಿ. ಕೋಡ್ ಬರೆಯಲು ಎಲ್ಲರೂ ಹಾಕುವ ಫಾಂಟುಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ, ಸಿಸ್ಟಮ್ ಬೇರೆ ಕನ್ನಡ ಫಾಂಟನ್ನು ಹುಡುಕಿ ತರುತ್ತದೆ. ವಿಎಸ್ ಕೋಡ್‌ನಲ್ಲೂ ಇದೇ ಪರೀಕ್ಷೆ ಮಾಡಿ. ದಿನವಿಡೀ ಕನ್ನಡ ತಿದ್ದುವ ಕೆಲಸ ನಿಮ್ಮದಾದರೆ, ಇದರಲ್ಲಿ ಸೋತ ಎಡಿಟರ್ ಪುಕ್ಕಟೆಯಾದರೂ ಬೇಡ.

ವಿದ್ಯಾರ್ಥಿಗಳು ಯಾರೂ ದುಡ್ಡು ಕೊಡಬೇಕಾಗಿಲ್ಲ. ವಿಎಸ್ ಕೋಡ್ ಸಾಕು. ಮೈಕ್ರೋಸಾಫ್ಟಿಗೆ ಬಳಕೆಯ ಮಾಹಿತಿ ಹೋಗುವುದು ಇಷ್ಟ ಇಲ್ಲದಿದ್ದರೆ ಅದೇ ಕೋಡಿನಿಂದ ಮಾಡಿದ ವಿಎಸ್‌ಕೋಡಿಯಂ ಹಾಕಿಕೊಳ್ಳಿ. ಜೆಟ್‌ಬ್ರೇನ್ಸ್ ಕಂಪನಿಯವರ ವೆಬ್‌ಸ್ಟಾರ್ಮ್ ಎಡಿಟರ್ ಕೂಡ 2024ರಿಂದ ವ್ಯಾಪಾರಕ್ಕಲ್ಲದ ಬಳಕೆಗೆ ಪುಕ್ಕಟೆ ಆಗಿದೆ. ಕಂಪನಿಯಲ್ಲಿ ಇರುವವರು ಸ್ವಂತ ಜೇಬಿಗೆ ಕೈ ಹಾಕುವ ಮೊದಲು ಮ್ಯಾನೇಜರನ್ನು ಕೇಳಿ, ಕಂಪನಿಗಳಿಗೆ ಬೇರೆ ಲೈಸೆನ್ಸ್ ಉಂಟು.

ಈ ಚರ್ಚೆಯಲ್ಲಿ ಕ್ರ್ಯಾಕ್ ಕೀ (ದುಡ್ಡು ಕೊಡದೆ ಬಳಸುವ ಕಳ್ಳ ಲೈಸೆನ್ಸ್) ಲಿಂಕ್ ಹಾಕಿದವರು ದಯವಿಟ್ಟು ಅದನ್ನು ತೆಗೆಯಿರಿ. ಮಿತಿಯೇ ಇಲ್ಲದ ಟ್ರಯಲ್ ಕೊಟ್ಟವರಿಂದ ಕದಿಯುವುದು ಯಾಕೆ? ಅದೂ ಅಲ್ಲದೆ ನಿಮ್ಮ ಗಿರಾಕಿಗಳ ಸರ್ವರ್ ಪಾಸ್‌ವರ್ಡ್ ಎಲ್ಲಾ ಇರುವ ಕಂಪ್ಯೂಟರಿನಲ್ಲಿ ಯಾರೋ ತಿದ್ದಿದ ಪ್ರೋಗ್ರಾಮ್ ಓಡಿಸುವುದು ತುಂಬಾ ಅಪಾಯ.

ಕೊಳ್ಳುವುದೇ ಆದರೆ ಕಾರ್ಡಿನ ವಿಷಯ ನೋಡಿಕೊಳ್ಳಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಬಂದ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ಹೊರದೇಶದ ಪಾವತಿ ಮೊದಲಿಗೆ ಆಫ್ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಎರಡನ್ನೂ ಆನ್ ಮಾಡಿ, ಮಿತಿಯನ್ನು ಹತ್ತು ಸಾವಿರಕ್ಕೆ ಇಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ಲೈಸೆನ್ಸ್ ಕೀ ಇಮೇಲಿಗೆ ಬರುತ್ತದೆ. ಅದನ್ನು ಬೇರೆ ಕಡೆಯೂ ಒಂದು ಪ್ರತಿ ಇಟ್ಟುಕೊಳ್ಳಿ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ: ಎರಡು ವಾರ ಸಬ್ಲೈಮ್‌ನಲ್ಲೇ ಪೂರ್ತಿ ಕೆಲಸ ಮಾಡಿ. ವಾಪಸ್ ವಿಎಸ್ ಕೋಡ್‌ಗೆ ಹೋಗಲು ಮನಸ್ಸು ಬಾರದಿದ್ದರೆ, ಮುಂದಿನ ಸೈಟಿನ ದುಡ್ಡು ಬಂದಾಗ ಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ರಾಮ್ ಎಷ್ಟು, ಎಸ್‌ಎಸ್‌ಡಿ ಉಂಟಾ, ಡಿಬಗರ್ ದಿನಾ ಬೇಕಾ ಎಂಬುದನ್ನು ಇಲ್ಲೇ ಬರೆಯಿರಿ. ಸಬ್ಲೈಮ್‌ಗೆ ಯಾವ ಪ್ಯಾಕೇಜ್ (ಅದರ ಎಕ್ಸ್‌ಟೆನ್ಷನ್) ಹಾಕಿಕೊಳ್ಳಬೇಕು ಎಂದು ಆಮೇಲೆ ಹೇಳುತ್ತೇನೆ.