ಡಿಲೇ ಹೆಚ್ಚಿಸಿದ್ರೆ ಆಗಲ್ಲ, ಬ್ಯುಸಿ ಪಿನ್ ಓದಿ

ಸರ್, ಆರ್ಡುಯಿನೋ ಊನೋ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು) ಇಂದ ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ತೂಕದ ಪಟ್ಟಿ ಹೊಡೆಸಿದ್ರೆ ಅಕ್ಷರ ಕಳೆದುಹೋಗ್ತಿದೆ ಅಂತ ಕೇಳಿದ್ರಲ್ಲ. ನಿಮ್ಮ ಫೋಟೋದಲ್ಲಿ 25 ಪಿನ್ ಕನೆಕ್ಟರಿನ 11ನೇ ಪಿನ್ನಿಗೆ (ಬ್ಯುಸಿ, ಅಂದ್ರೆ ‘ಈಗ ಬೇಡ, ತಾಳಿ’ ಅಂತ ಪ್ರಿಂಟರ್ ಹೇಳೋ ಲೈನು) ವೈರೇ ಇಲ್ಲ. ತೂಕದ ಪಟ್ಟಿ ಎರಡು ಪುಟ ಚೆನ್ನಾಗಿ ಬಂದು ಮೂರನೇ ಪುಟದಲ್ಲಿ ಅಕ್ಷರ ನುಂಗ್ತಿರೋದು ಅದಕ್ಕೇ. ಪ್ರಿಂಟರಿನ ಹೆಡ್ ಹೋಗಿಲ್ಲ, ಊನೋ ಬೋರ್ಡೂ ಕೆಟ್ಟಿಲ್ಲ. ನಾನೂ ಹಿಂದೆ ಮಾಡಿದ ಎಡವಟ್ಟೇ ಇದು. ಮೇಲೆ ಒಬ್ಬರು ‘ಡಿಲೇ 1 ಇರೋದನ್ನ 5 ಮಾಡಿ’ ಅಂದಿದ್ದಾರೆ, ದಯವಿಟ್ಟು ಆ ದಾರಿ ಹಿಡೀಬೇಡಿ.

ಲೆಕ್ಕ ಹಾಕಿ ನೋಡಿ. ಅಕ್ಷರಕ್ಕೆ 1 ಮಿಲಿಸೆಕೆಂಡ್ ಡಿಲೇ ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 1000 ಬೈಟ್ ಒಳಗೆ ಹೋಗುತ್ತೆ. 9 ಪಿನ್ ಹೆಡ್ಡು ಡ್ರಾಫ್ಟಲ್ಲೂ ಹೊಡೆಯೋದು 200-300. ಮಿಕ್ಕಿದ್ದು ಬಫರಲ್ಲಿ (ಪ್ರಿಂಟರಿನ ತಾತ್ಕಾಲಿಕ ಮೆಮೊರಿ) ಕೂರುತ್ತೆ. ಬಫರ್ ತುಂಬಿದ ಕೂಡಲೇ ಪ್ರಿಂಟರ್ ಬ್ಯುಸಿ ಲೈನನ್ನ 5 ವೋಲ್ಟಿಗೆ ಎತ್ತಿ ಹಿಡಿಯುತ್ತೆ. ಅದನ್ನ ನೋಡದೆ ಸ್ಟ್ರೋಬ್ (‘ಈ ಬೈಟ್ ತಗೋ’ ಅನ್ನೋ ಪಲ್ಸು) ಕೊಡ್ತಾ ಹೋದ್ರೆ ಆ ಬೈಟ್‌ಗಳೆಲ್ಲ ಗಾಳಿಗೆ. ಡಿಲೇ 5 ಮಾಡಿದ್ರೆ ಸೆಕೆಂಡಿಗೆ 200 ಆಯ್ತು, ಆದ್ರೆ ಫಾರ್ಮ್ ಫೀಡ್ ಬಂದಾಗ, ಪೇಪರ್ ಮುಗಿದಾಗ, ಆಫ್‌ಲೈನ್ ಬಟನ್ ಒತ್ತಿದಾಗ? ಆಗಲೂ ಬ್ಯುಸಿ ಮೇಲಿರುತ್ತೆ, ನಿಮ್ಮ ಡಿಲೇಗೆ ಅದು ಗೊತ್ತಾಗಲ್ಲ.

ಕ್ರಮ ಇಷ್ಟು: ಬ್ಯುಸಿ ಸೊನ್ನೆಗೆ ಬರೋವರೆಗೆ ಕಾಯಿರಿ, 8 ಡೇಟಾ ಲೈನ್ ಇಡಿ, 1 ಮೈಕ್ರೋಸೆಕೆಂಡ್ ಬಿಡಿ, ಸ್ಟ್ರೋಬ್ ಕೆಳಗೆ 2 ಮೈಕ್ರೋಸೆಕೆಂಡ್, ಮೇಲೆ, ಮತ್ತೆ 1 ಮೈಕ್ರೋಸೆಕೆಂಡ್ ಡೇಟಾ ಅಲ್ಲಾಡಿಸಬೇಡಿ. ಬೇಕಿರೋದು ಮೂರೂ ಕಡೆ ಕನಿಷ್ಠ ಅರ್ಧ ಮೈಕ್ರೋಸೆಕೆಂಡ್, ನಾನು ಸ್ವಲ್ಪ ಧಾರಾಳ ಇಟ್ಟಿದೀನಿ. ಮುಂದಿನ ಬೈಟಿಗೆ ಬ್ಯುಸಿ ನೋಡೋ ಮುಂಚೆ ಇನ್ನೊಂದು 5 ಮೈಕ್ರೋಸೆಕೆಂಡ್ ಕೊಡಿ. ಪೋರ್ಟ್ ರಿಜಿಸ್ಟರ್ ನೇರವಾಗಿ ಓದೋರಿಗೆ ಇದು ಮುಖ್ಯ, ಇಲ್ದಿದ್ರೆ ಬ್ಯುಸಿ ಏಳೋದರೊಳಗೆ ಓದಿ ‘ಖಾಲಿ ಇದೆ’ ಅಂದ್ಕೊಂಡುಬಿಡ್ತೀರಿ.

ಅಕ್ (10ನೇ ಪಿನ್, ‘ಬೈಟ್ ಸಿಕ್ತು’ ಅಂತ ಪ್ರಿಂಟರ್ ಕೊಡೋ ಉತ್ತರ) ನಂಬಿಕೊಂಡು ಕೋಡ್ ಬರೀಬೇಡಿ. ಅದು ಬಹಳಷ್ಟು ಪ್ರಿಂಟರಲ್ಲಿ ಹತ್ತು ಮೈಕ್ರೋಸೆಕೆಂಡ್ ಆಸುಪಾಸಿನ ಪಲ್ಸು. ಊನೋದಲ್ಲಿ ಒಂದು ಡಿಜಿಟಲ್ ರೀಡಿಗೇ ನಾಲ್ಕೈದು ಮೈಕ್ರೋಸೆಕೆಂಡ್ ಹೋಗುತ್ತೆ. ಮಧ್ಯೆ ಬೇರೇನೋ ಮಾಡ್ತಿದ್ರೆ ಪಲ್ಸ್ ತಪ್ಪಿ ಲೂಪು ಅಲ್ಲೇ ಕೂರುತ್ತೆ. ಇಂಟರಪ್ಟ್ ಹಾಕೋರು ಹಾಕಲಿ, ಪಟ್ಟಿ ಹೊಡೆಯೋಕೆ ಬ್ಯುಸಿ ಸಾಕು.

ಡೇಟಾನ ಊನೋದ 0-7ಕ್ಕೆ ಹಾಕಿದೀರಲ್ಲ, ಅದೂ ತೆಗೀರಿ. 0, 1 ಸೀರಿಯಲ್ಲಿನವು, ಮಾನಿಟರ್ ತೆರೆದ್ರೆ ಕೆಳಗಿನ ಎರಡು ಬಿಟ್ ಕೆಡುತ್ತೆ. ಕನೆಕ್ಟರಿನ 2ರಿಂದ 9ನ್ನ ಊನೋದ 2ರಿಂದ 9ಕ್ಕೇ ಕೊಡಿ, ನಂಬರ್ ಒಂದೇ, ತಲೆನೋವಿಲ್ಲ. ಬ್ಯುಸಿ 11ಕ್ಕೆ 11, ಪೇಪರ್ ಎಂಡ್ 12ಕ್ಕೆ 12, ಸ್ಟ್ರೋಬ್ ಎ0ಗೆ. ಬ್ಯುಸಿಗೆ ಊನೋದ ಒಳಗಿನ ಪುಲ್‌ಅಪ್ (ಲೈನನ್ನ 5 ವೋಲ್ಟಿಗೆ ಎಳೆದಿಡೋ ರೆಸಿಸ್ಟರ್) ಆನ್ ಮಾಡಿ, ಕೇಬಲ್ ಕಿತ್ತುಬಂದ್ರೂ ‘ಬ್ಯುಸಿ’ ಅಂತಲೇ ಓದುತ್ತೆ.

ಸ್ಟ್ರೋಬಿಗೆ ಹೊರಗಡೆ 4.7ಕೆ ಪುಲ್‌ಅಪ್ ಹಾಕಿ, ಸೆಟಪ್ಪಲ್ಲಿ ಮೊದಲು ಹೈ ಬರೆದು ಆಮೇಲೆ ಔಟ್‌ಪುಟ್ ಮಾಡಿ. ಉಲ್ಟಾ ಮಾಡಿದ್ರೆ ಪ್ರತಿ ರೀಸೆಟ್ಟಿಗೂ ಒಂದು ಕಸದ ಅಕ್ಷರ. ಇನಿಟ್ (16) ಕೂಡ 4.7ಕೆ ಮೂಲಕ 5 ವೋಲ್ಟಿಗೆ, ತೇಲಾಡೋಕೆ ಬಿಟ್ರೆ ಹೆಡ್ ಓಡುವಾಗಲೇ ಪ್ರಿಂಟರ್ ರೀಸೆಟ್ ಆಗಬಹುದು. ಸೆಲೆಕ್ಟ್ ಇನ್ (17) ಗ್ರೌಂಡಿಗೆ. ಆಟೋಫೀಡ್ (14) ಹೈ ಇರಲಿ. ಅದನ್ನ ಗ್ರೌಂಡ್ ಮಾಡಿ ಸಿಆರ್ (ಸಾಲಿನ ಶುರುವಿಗೆ ಹೋಗು), ಎಲ್ಎಫ್ (ಮುಂದಿನ ಸಾಲಿಗೆ ಹೋಗು) ಎರಡೂ ಕಳಿಸಿದ್ರೆ ಸಾಲಿನ ಮಧ್ಯೆ ಸಾಲು ಖಾಲಿ ಬರುತ್ತೆ. ಪ್ರಿಂಟರ್ ಕಡೆಯ 36 ಪಿನ್ನಿಗೆ ನೇರ ಬೆಸುಗೆ ಹಾಕೋರು ಎಚ್ಚರ, 14ರವರೆಗೆ ನಂಬರ್ ಒಂದೇ, ಆಮೇಲೆ ಇನಿಟ್ 31, ಎರರ್ 32, ಸೆಲೆಕ್ಟ್ ಇನ್ 36. ಅಲ್ಲಿನ 18ರಲ್ಲಿ ಕೆಲವು ಪ್ರಿಂಟರ್ 5 ವೋಲ್ಟ್ ಕೊಡುತ್ತೆ, ಅದರಿಂದ ಬೋರ್ಡ್ ಓಡಿಸೋ ಜಿಪುಣತನ ಬೇಡ.

ಗ್ರೌಂಡ್ ಒಂದೇ ವೈರು ಕೊಟ್ಟಿದೀರಿ. 18ರಿಂದ 25 ಅಷ್ಟೂ ಸೇರಿಸಿ. ಒಂದೊಂದು ಅಕ್ಷರ ಎರಡೆರಡು ಸಲ ಬಂದ್ರೆ ಅದು ಸ್ಟ್ರೋಬ್ ಅಂಚು ನಡುಗ್ತಿರೋದು: ಲೈನಲ್ಲಿ 100 ಓಮ್, ಪ್ರಿಂಟರ್ ತುದಿಯಲ್ಲಿ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್. ಕೇಬಲ್ 2 ಮೀಟರ್ ಒಳಗಿರಲಿ. 10 ಮೀಟರ್ ಓಡುತ್ತೆ ಅನ್ನೋದು ಐಇಇಇ 1284 ಕೇಬಲ್ಲಿನ ಮಾತು, ಅದರಲ್ಲಿ ಪ್ರತಿ ಸಿಗ್ನಲ್ಲಿಗೂ ಜೊತೆ ಹೊಸೆದ ಗ್ರೌಂಡ್ ವೈರ್ ಇರುತ್ತೆ. ರಿಬ್ಬನ್ ಕೇಬಲ್ಲಿಗೆ ಆ ಮಾತು ಸಲ್ಲಲ್ಲ.

ಇಎಸ್‌ಪಿ32ಕ್ಕೆ (3.3 ವೋಲ್ಟಲ್ಲಿ ಓಡೋ ಬೋರ್ಡು) ಹೋಗ್ತೀನಿ ಅಂದ್ರಲ್ಲ, ಬ್ಯುಸಿ ನೇರ ಕೊಡಬೇಡಿ, ಅದು 5 ವೋಲ್ಟು. ವೋಲ್ಟೇಜ್ ಇಳಿಸೋಕೆ 10ಕೆ, 20ಕೆ ರೆಸಿಸ್ಟರ್ ಡಿವೈಡರ್ ಸಾಕು. ಔಟ್‌ಪುಟ್ಟಿಗೆ 3.3ನ್ನ 5 ವೋಲ್ಟಿಗೆ ಏರಿಸೋ 74ಎಚ್‌ಸಿಟಿ245 ಚಿಪ್, ಕೊನೆಯ ‘ಟಿ’ ನೋಡಿ ತಗೊಳ್ಳಿ. ಅಂಗಡಿಯವರು ‘ಎರಡೂ ಒಂದೇ’ ಅಂತ ಎಚ್‌ಸಿ ಕೊಡ್ತಾರೆ, ಅದಕ್ಕೆ ಹೈ ಅಂದ್ರೆ 3.5 ವೋಲ್ಟ್ ಬೇಕು, ನಿಮ್ಮ 3.3 ಒಮ್ಮೆ ಓಡುತ್ತೆ ಒಮ್ಮೆ ಇಲ್ಲ.

ರೈತರ ಹೆಸರು ಕನ್ನಡದಲ್ಲಿ ಬೇಕು ಅಂದಿದ್ರಿ. ಪ್ರಿಂಟರಿನ ಒಳಗೆ ಕೂರಿಸಿರೋ ಅಕ್ಷರಗಳಲ್ಲಿ (ROM) ಕನ್ನಡ ಇಲ್ಲ, ಚುಕ್ಕಿ ಚಿತ್ರವಾಗಿಯೇ ಕಳಿಸಬೇಕು. ಎಪ್ಸನ್ ಎಲ್‌ಎಕ್ಸ್, ಟಿವಿಎಸ್ ಎಂಎಸ್‌ಪಿ ಪ್ರಿಂಟರ್ ಎರಡಕ್ಕೂ ಎಸ್ಕೇಪ್ (ಕಮಾಂಡ್ ಶುರು ಅಂತ ಹೇಳೋ 27ನೇ ಬೈಟ್) ‘ಕೆ’, ಆಮೇಲೆ 224, 1 ಅಂದ್ರೆ (224 + 1×256) 480 ಕಾಲಂ, 8 ಇಂಚು ಅಗಲ. ಸಾಲಿನ ಅಂತರಕ್ಕೆ ಎಸ್ಕೇಪ್ ‘ಎ’ 8, ಇಲ್ದಿದ್ರೆ ಒತ್ತಿಗೂ ತಲೆಕಟ್ಟಿಗೂ ನಡುವೆ ಬಿಳಿ ಪಟ್ಟಿ. ಇಲ್ಲಂತೂ ಒಂದು ಬೈಟ್ ಕಳೆದ್ರೂ ಮುಂದಿನ ಕಮಾಂಡನ್ನೇ ಚುಕ್ಕಿ ಅಂತ ನುಂಗಿ ಪುಟಪೂರ್ತಿ ಕಸ ಹೊಡೆಯುತ್ತೆ. ಪೀಸಿಯಿಂದ ಪರೀಕ್ಷೆ ಮಾಡುವಾಗ ಕಾಪಿ ಕಮಾಂಡಿಗೆ ಸ್ಲ್ಯಾಶ್ ಬಿ ಹಾಕಿ. ಇಲ್ದಿದ್ರೆ 26 ಅನ್ನೋ ಬೈಟ್ ಬಂದಲ್ಲೇ ಫೈಲ್ ಮುಗೀತು ಅಂದ್ಕೊಳ್ಳುತ್ತೆ.

ಯುಎಸ್‌ಬಿ-ಪ್ಯಾರಲಲ್ ಕೇಬಲ್ ತಗೊಳ್ಳಿ ಅಂದವರಿಗೂ ಒಂದು ಮಾತು: ಅದು ಪೀಸಿಗೆ ಯುಎಸ್‌ಬಿ ಪ್ರಿಂಟರ್ ಆಗಿ ಕಾಣುತ್ತೆ, ಹಳೇ ಪೀಸಿಯ ಪ್ಯಾರಲಲ್ ಪೋರ್ಟಿನ ಹಾಗೆ ಹೆಕ್ಸ್ 378 ವಿಳಾಸದ ಪೋರ್ಟ್ ಅದರಲ್ಲಿಲ್ಲ. ಊನೋಗೆ ಅದನ್ನ ಚುಚ್ಚೋಕೂ ಆಗಲ್ಲ. ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಕಡೆ ಪವರ್ ಆಫ್ ಇರಲಿ. ಊನೋ ಆಫ್ ಇದ್ರೂ ಅದರ ಎಲ್‌ಇಡಿ ಮಂಕಾಗಿ ಉರೀತಿದ್ರೆ ಪ್ರಿಂಟರಿನ ಪುಲ್‌ಅಪ್‌ಗಳಿಂದ ಕರೆಂಟ್ ಒಳಗೆ ಬರ್ತಿದೆ ಅಂತ ಅರ್ಥ, ಹಾಗೇ ರಾತ್ರಿಯಿಡೀ ಬಿಡಬೇಡಿ.